ಜರ್ಮನಿಗೆ ಹೊರಟವರ ಜರ್ಮನ್

ಮಗನನ್ನೋ ಮಗಳನ್ನೋ ಎಂ.ಎಸ್. ಓದಲು ಹೊರದೇಶಕ್ಕೆ ಕಳಿಸುವ ಮಾತು ಈಗ ಜಯನಗರ, ಮಲ್ಲೇಶ್ವರದ ಮನೆಗಳಿಗಷ್ಟೇ ಸೇರಿದ್ದಲ್ಲ. ದಾವಣಗೆರೆ, ಹಾಸನ, ಬೆಳಗಾವಿ, ಕಲಬುರಗಿಯಲ್ಲೂ ಎಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳಿರುವ ಮನೆಗಳಲ್ಲಿ ಅದು ಊಟದ ಹೊತ್ತಿನ ಮಾತಾಗಿದೆ. ಒಂದು ಕಾಲದಲ್ಲಿ ಹೊರದೇಶವೆಂದರೆ ಅಮೆರಿಕ, ಅದು ತಪ್ಪಿದರೆ ಇಂಗ್ಲೆಂಡು ಎಂದಿತ್ತು. ಈಗ ಜರ್ಮನಿಯ ಹೆಸರು ಮೊದಲ ಸುತ್ತಿನಲ್ಲೇ ಬರುತ್ತದೆ. 2014ರ ಹೊತ್ತಿಗೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. 2022-23ರ ಚಳಿಗಾಲದ ಸೆಮಿಸ್ಟರಿನಲ್ಲಿ ನಮ್ಮವರು ಚೀನಾದವರನ್ನು ಹಿಂದಿಕ್ಕಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಮೊದಲನೆಯವರಾದರು. ಮರುವರ್ಷ ಆ ಸಂಖ್ಯೆ 49 ಸಾವಿರ ದಾಟಿತು. ಈ ಏರಿಕೆಗೆ ಜರ್ಮನಿ ಒಂದೇ ಕಾರಣವಲ್ಲ, ಉಳಿದ ಬಾಗಿಲುಗಳು ಕಿರಿದಾದದ್ದೂ ಕಾರಣ. ಅಮೆರಿಕದಲ್ಲಿ ಓದು ಮುಗಿಸಿದವರು ಎಚ್-1ಬಿ ವೀಸಾಕ್ಕಾಗಿ ವರ್ಷಕ್ಕೆ 85,000ದ ಮಿತಿಯೊಳಗೆ ಲಾಟರಿ ಆಡಬೇಕು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕವನ್ನೂ ಘೋಷಿಸಲಾಯಿತು. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿತು. ಅದೇ ತಿಂಗಳಿಂದ ಬ್ರಿಟನ್, ಬಹುಪಾಲು ವಿದ್ಯಾರ್ಥಿಗಳು ಗಂಡ-ಹೆಂಡತಿ ಮಕ್ಕಳನ್ನು ಜೊತೆಗೆ ಕರೆತರುವುದನ್ನು ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ಶುಲ್ಕವೇ ಇಲ್ಲ, ಪಾಠ ಇಂಗ್ಲಿಷಿನಲ್ಲಿ ಎಂದು ಕರೆಯುವ ದೇಶದ ಕಡೆ ಜನ ತಿರುಗುವುದು ಸಹಜ. ಈ ಕರೆಯ ಎರಡನೆಯ ಅರ್ಧದ ಬಗ್ಗೆ, ಅಂದರೆ ಇಂಗ್ಲಿಷಿನ ಬಗ್ಗೆ, ನನ್ನ ತಕರಾರಿದೆ. ಜರ್ಮನ್ ಭಾಷೆಯನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಮುಂದೂಡುವುದು ತಪ್ಪು ಲೆಕ್ಕ. ಅಂಕಪಟ್ಟಿ, ವೀಸಾ, ಬ್ಯಾಂಕಿನ ಕಾಗದಗಳಂತೆಯೇ ಅದನ್ನೂ ಇಲ್ಲಿಂದಲೇ ಕಟ್ಟಿಕೊಂಡು ಹೋಗಬೇಕು.

ಮೊದಲು ದುಡ್ಡಿನ ಸಂಗತಿಯನ್ನು ಮುಗಿಸಿಬಿಡೋಣ, ಏಕೆಂದರೆ ಭಾಷೆಯ ಪ್ರಶ್ನೆ ಅದರೊಳಗೇ ಅಡಗಿದೆ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವಿಲ್ಲ ಎಂಬುದು ಬಹುಮಟ್ಟಿಗೆ ನಿಜ. ನಡುವೆ 2006-07ರ ಹೊತ್ತಿಗೆ ಕೆಲವು ರಾಜ್ಯಗಳು ಸೆಮಿಸ್ಟರಿಗೆ 500 ಯೂರೋ ವಿಧಿಸಿ ನೋಡಿದವು. ವಿದ್ಯಾರ್ಥಿಗಳೂ ಮತದಾರರೂ ಒಪ್ಪಲಿಲ್ಲ, 2014ರೊಳಗೆ ಎಲ್ಲ ಕಡೆ ಅದು ರದ್ದಾಯಿತು. ಈಗ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತದೆ; ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಕೋರ್ಸಿಗೆ ತಕ್ಕಂತೆ ಸೆಮಿಸ್ಟರಿಗೆ 2,000ದಿಂದ 6,000 ಯೂರೋವರೆಗೆ ಕೇಳುತ್ತಿದೆ. ಉಳಿದ ಬಹುಪಾಲು ಕಡೆ ಸೆಮಿಸ್ಟರಿಗೆ ಕೆಲವು ನೂರು ಯೂರೋಗಳ ವಂತಿಗೆ, ಅಷ್ಟೇ. ಆದರೆ ಬದುಕಿನ ಖರ್ಚು ಇದೆ. ಅದಕ್ಕೆಂದು ವೀಸಾ ಕೇಳುವಾಗಲೇ ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ, ಅಂದರೆ ಹತ್ತಿರ ಹತ್ತಿರ 12 ಲಕ್ಷ ರೂಪಾಯಿ, ಇಟ್ಟು ತೋರಿಸಬೇಕು. ಅದು ನಮ್ಮದೇ ಹಣ, ತಿಂಗಳಿಗೆ 992 ಯೂರೋದಂತೆ ನಮಗೇ ವಾಪಸು ಬರುತ್ತದೆ. ಎರಡನೆಯ ವರ್ಷದ ಹೊತ್ತಿಗೆ ಆ ಖಾತೆ ಬರಿದಾಗಿರುತ್ತದೆ. ಆಗ ಹುಡುಗ ಊರಿಂದ ಮತ್ತೆ ಹಣ ತರಿಸಬೇಕು, ಇಲ್ಲವೇ ಅಲ್ಲೇ ದುಡಿಯಬೇಕು. ಹೆಚ್ಚಿನ ಮಧ್ಯಮ ವರ್ಗದ ಮನೆಗಳು ಎರಡನೆಯದನ್ನು ನಂಬಿಯೇ ಸಾಲ ಮಾಡಿರುತ್ತವೆ.

ಜರ್ಮನಿ ಯಾಕೆ ಪರದೇಶದ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತದೆ? ಅದು ಧರ್ಮಛತ್ರ ನಡೆಸುತ್ತಿಲ್ಲ. ಮಹಾಯುದ್ಧದ ನಂತರ, 1950ರ ದಶಕದ ನಡುವಿನಿಂದ 1960ರ ದಶಕದ ಕೊನೆಯವರೆಗೆ ಅಲ್ಲಿ ಹುಟ್ಟಿದ ದೊಡ್ಡ ಪೀಳಿಗೆ ಈಗ ಸಾಲುಸಾಲಾಗಿ ನಿವೃತ್ತವಾಗುತ್ತಿದೆ. ಅವರ ಜಾಗಕ್ಕೆ ಬರಬೇಕಾದ ಮಕ್ಕಳು ಅಷ್ಟು ಸಂಖ್ಯೆಯಲ್ಲಿ ಹುಟ್ಟಲಿಲ್ಲ. ಎರಡು ವರ್ಷ ಓದಿಸಿದ ವಿದೇಶಿ ಎಂಜಿನಿಯರ್ ಅಲ್ಲೇ ನಿಂತು ಮೂವತ್ತು ವರ್ಷ ತೆರಿಗೆಯನ್ನೂ ಪಿಂಚಣಿ ನಿಧಿಗೆ ವಂತಿಗೆಯನ್ನೂ ಕಟ್ಟಿದರೆ ಸರಕಾರ ಹಾಕಿದ ಬಂಡವಾಳ ಬಡ್ಡಿ ಸಮೇತ ಹಿಂದಕ್ಕೆ ಬರುತ್ತದೆ. ಆದ್ದರಿಂದಲೇ ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಆದ್ದರಿಂದಲೇ 2024ರ ಮಾರ್ಚಿನಿಂದ ವಿದ್ಯಾರ್ಥಿಗಳು ವರ್ಷಕ್ಕೆ 120ರ ಬದಲು 140 ಪೂರ್ಣ ದಿನ ದುಡಿಯಬಹುದು ಎಂದು ತಿದ್ದುಪಡಿ ಮಾಡಿದರು. ಇದರಲ್ಲಿ ಮುಚ್ಚುಮರೆಯಿಲ್ಲ, ಅಲ್ಲಿನ ಮಂತ್ರಿಗಳೇ ಬಾಯಿಬಿಟ್ಟು ಹೇಳುವ ಮಾತು. ಈ ಏರ್ಪಾಡನ್ನು ಸರಿಯಾಗಿ ಗ್ರಹಿಸಿದವರಿಗೆ ಒಂದು ಸಂಗತಿ ಹೊಳೆಯಬೇಕು. ಕೊಡುವವರು ಪದವಿಗಾಗಿ ಕೊಡುತ್ತಿಲ್ಲ, ಪದವಿಯ ನಂತರದ ದುಡಿಮೆಗಾಗಿ ಕೊಡುತ್ತಿದ್ದಾರೆ. ಹೋಗುವವರ ಮನಸ್ಸಿನಲ್ಲಿರುವುದೂ ಅದೇ ದುಡಿಮೆ. ಹಾಗಿದ್ದ ಮೇಲೆ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನಷ್ಟೇ ವಿಚಾರಿಸಿ, ದುಡಿಮೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಕೇಳದೆ ಹೊರಡುವುದು ಹೇಗೆ?

ಪಾಠದ ಮಟ್ಟಿಗೆ ಕರೆ ಸುಳ್ಳಲ್ಲ. ಸ್ನಾತಕೋತ್ತರ ಹಂತದಲ್ಲಿ ಪೂರ್ತಿ ಇಂಗ್ಲಿಷಿನಲ್ಲಿ ನಡೆಯುವ ಕೋರ್ಸುಗಳು ಬೇಕಾದಷ್ಟಿವೆ. ಇಂಗ್ಲಿಷ್ ಪರೀಕ್ಷೆಯ ಒಂದು ಅಂಕಪಟ್ಟಿ, ನಮ್ಮ ಪದವಿಯ ದಾಖಲೆ ಪರಿಶೀಲಿಸಿದ್ದಕ್ಕೆ ಸಿಗುವ ಎಪಿಎಸ್ ಪ್ರಮಾಣಪತ್ರ, ಇಷ್ಟಿದ್ದರೆ ಅರ್ಜಿ ಹಾಕಬಹುದು. ಆ ಎಪಿಎಸ್ 2022ರ ನವೆಂಬರಿನಿಂದ ಭಾರತೀಯರಿಗೆ ಕಡ್ಡಾಯ. ಪದವಿಪೂರ್ವ ಮುಗಿಸಿ ಬ್ಯಾಚುಲರ್ ಪದವಿಗೆ ಹೋಗುವವರ ಕತೆಯೇ ಬೇರೆ: ಅಲ್ಲಿ ಬಹುಪಾಲು ಪಾಠ ಜರ್ಮನ್‌ನಲ್ಲೇ, ಭಾಷೆ ಬಾರದೆ ಒಳಗೆ ಕಾಲಿಡುವಂತಿಲ್ಲ. ಹೀಗಾಗಿ ವಿಚಿತ್ರವೊಂದು ನಡೆಯುತ್ತದೆ. ಹದಿನೆಂಟರ ಹುಡುಗಿ ಭಾಷೆ ಕಲಿತೇ ಹೋಗುತ್ತಾಳೆ. ಅವಳಿಗಿಂತ ಬೇಗ ಕೆಲಸದ ಮಾರುಕಟ್ಟೆಗೆ ಬೀಳುವ ಇಪ್ಪತ್ತಮೂರರ ಅಣ್ಣ ನಮಸ್ಕಾರ, ಧನ್ಯವಾದ ಎಂಬೆರಡು ಮಾತಿನೊಡನೆ ವಿಮಾನ ಹತ್ತುತ್ತಾನೆ.

ಇಳಿದ ವಾರದಿಂದಲೇ ದೇಶ ಅವನೊಡನೆ ತನ್ನ ಭಾಷೆಯಲ್ಲಿ ಮಾತಾಡತೊಡಗುತ್ತದೆ. ಆಡಳಿತದ ಭಾಷೆ ಜರ್ಮನ್ ಎಂದು ಅಲ್ಲಿನ ಆಡಳಿತ ಪ್ರಕ್ರಿಯೆಯ ಕಾಯಿದೆಯ 23ನೇ ಕಲಮಿನಲ್ಲೇ ಬರೆದಿದೆ. ಕೌಂಟರಿನಲ್ಲಿ ಕೂತ ಗುಮಾಸ್ತನಿಗೆ ಇಂಗ್ಲಿಷ್ ಬರುತ್ತಿರಬಹುದು. ಆದರೂ ಅವನು ಅದರಲ್ಲಿ ಉತ್ತರಿಸಬೇಕೆಂದು ಒತ್ತಾಯಿಸುವ ಹಕ್ಕು ನಮಗಿಲ್ಲ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕನ ಸಹಿಯಿರುವ ನಮೂನೆ ಬೇಕು. ಬಾಡಿಗೆ ಕರಾರು, ಆರೋಗ್ಯ ವಿಮೆ, ವಾಸದ ಪರವಾನಗಿ, ಎಲ್ಲವೂ ಟಪಾಲಿನಲ್ಲಿ, ಜರ್ಮನ್‌ನಲ್ಲಿ ಬರುತ್ತವೆ. ಅವುಗಳ ನಡುವೆ ಬಾನುಲಿ ಕೇಳುಗರಿಗೆ ಕುತೂಹಲ ಹುಟ್ಟಿಸುವ ಕಾಗದವೊಂದಿದೆ. ವಿಳಾಸ ನೋಂದಾಯಿಸಿದ ಕೆಲವೇ ವಾರಗಳಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಪರವಾಗಿ ಪತ್ರ ಬರುತ್ತದೆ: ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಕಟ್ಟಿ. ಮನೆಯಲ್ಲಿ ರೇಡಿಯೋ ಇಲ್ಲ, ಟಿ.ವಿ. ಇಲ್ಲ ಎಂದರೂ ಬಿಡುವುದಿಲ್ಲ; ಮನೆ ಇದೆಯಲ್ಲ, ಸಾಕು. ರೇಡಿಯೋ ಲೈಸೆನ್ಸು ರದ್ದಾಗಿ ದಶಕಗಳೇ ಕಳೆದ ದೇಶದಿಂದ ಬಂದವನಿಗೆ ಅದು ಯಾವುದೋ ಕಂಪನಿಯ ಜಾಹೀರಾತಿನಂತೆ ಕಾಣುತ್ತದೆ, ಕಸದ ಬುಟ್ಟಿ ಸೇರುತ್ತದೆ. ಆಮೇಲೆ ಜ್ಞಾಪನ, ಅದರ ಮೇಲೆ ದಂಡ. ಒಂದೇ ಮನೆ ಹಂಚಿಕೊಂಡವರೆಲ್ಲ ಸೇರಿ ಒಂದೇ ಬಾರಿ ಕಟ್ಟಿದರಾಯಿತು ಎಂಬ ಅನುಕೂಲದ ಮಾತೂ ಅದೇ ಕಾಗದದಲ್ಲಿ ಇರುತ್ತದೆ, ಓದಬಲ್ಲವರಿಗೆ. ಫೋನಿನಲ್ಲಿ ಅನುವಾದ ಮಾಡುವ ಆ್ಯಪ್ ಇದೆಯಲ್ಲ ಎನ್ನುತ್ತೀರಿ. ಕಾಗದಕ್ಕೆ ಅದು ಸಾಕು, ನಿಜ. ಕಾಗದ ತಪ್ಪಾಗಿ ಬಂದಾಗ ಫೋನು ಮಾಡಿ ಜಗಳವಾಡಲು ಸಾಲದು.

ವಿಶ್ವವಿದ್ಯಾಲಯದ ಒಳಗೂ ಇಂಗ್ಲಿಷಿನ ಆವರಣ ತರಗತಿಯ ಬಾಗಿಲಿಗೆ ಮುಗಿಯುತ್ತದೆ. ಅಲ್ಲಿನ ಓದಿನ ಕ್ರಮ ನಮ್ಮದಕ್ಕಿಂತ ಬೇರೆ. ಇಂಟರ್ನಲ್ ಅಂಕ, ಹಾಜರಾತಿಯ ಶೇಕಡಾ 75, ಅಸೈನ್‌ಮೆಂಟು, ಇವುಗಳ ಆಸರೆ ಕಡಿಮೆ; ಅನೇಕ ವಿಷಯಗಳಲ್ಲಿ ಸೆಮಿಸ್ಟರಿನ ಕೊನೆಯ ಒಂದೇ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸುತ್ತದೆ. ನಮ್ಮಲ್ಲಿಯಂತೆ ಬ್ಯಾಕ್‌ಲಾಗ್ ಹೊತ್ತುಕೊಂಡು ವರ್ಷಗಟ್ಟಲೆ ನಡೆಯುವಂತೆಯೂ ಇಲ್ಲ. ಸಾಮಾನ್ಯವಾಗಿ ಎರಡು ಮೂರು ಅವಕಾಶ. ಕೊನೆಯದರಲ್ಲೂ ಕಡ್ಡಾಯ ವಿಷಯವೊಂದು ಕೈಕೊಟ್ಟರೆ ಆ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ, ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಅದೇ ಕೋರ್ಸು ಸೇರುವುದು ಕಷ್ಟ. ಇಷ್ಟು ಬಿಗಿಯಾದ ವ್ಯವಸ್ಥೆಯಲ್ಲಿ ಅಲ್ಲಿನ ಮಕ್ಕಳು ಉಳಿದುಕೊಳ್ಳುವುದು ಪರಸ್ಪರ ಸಹಾಯದಿಂದ: ಓದುವ ಗುಂಪುಗಳು, ವಿಭಾಗದ ವಿದ್ಯಾರ್ಥಿ ಮಂಡಳಿ ಜೋಡಿಸಿಟ್ಟ ಹಳೆಯ ಪ್ರಶ್ನೆಪತ್ರಿಕೆಗಳು, ಯಾವ ಪ್ರೊಫೆಸರು ಏನು ಕೇಳುತ್ತಾರೆ ಎಂಬ ಕ್ಯಾಂಟೀನಿನ ಮಾತು. ಈ ಮಾತೆಲ್ಲ ಜರ್ಮನ್‌ನಲ್ಲಿ. ಭಾಷೆ ಇಲ್ಲದವನು ಆ ಬಳಗದ ಹೊರಗುಳಿದು ತನ್ನಂಥ ಇನ್ನೈದು ಜನರ ಜೊತೆ ಒಂದೇ ಅಡುಗೆಮನೆಯಲ್ಲಿ ಅನ್ನ-ಸಾರು ಮಾಡಿಕೊಂಡು ಎರಡು ವರ್ಷ ಕಳೆಯುತ್ತಾನೆ. ಅನ್ನ-ಸಾರಿನ ಬಗ್ಗೆ ನನಗೇನೂ ಆಕ್ಷೇಪವಿಲ್ಲ. ಆದರೆ ಅದನ್ನು ದಾವಣಗೆರೆಯಲ್ಲೇ ಇನ್ನೂ ಚೆನ್ನಾಗಿ ಉಣ್ಣಬಹುದಿತ್ತು.

ಈಗ ಕೆಲಸದ ಮಾತಿಗೆ ಬರೋಣ. ಜರ್ಮನಿಯೆಂದರೆ ನಮ್ಮ ಕಣ್ಣಿಗೆ ಬೀಳುವುದು ದೊಡ್ಡ ಕಾರು ಕಂಪನಿಗಳು. ಆದರೆ ಆ ದೇಶದ ಎಂಜಿನಿಯರಿಂಗ್ ನಿಂತಿರುವುದು ನಾವು ಹೆಸರೇ ಕೇಳಿರದ ಸಾವಿರಾರು ಮಧ್ಯಮ ಗಾತ್ರದ ಸಂಸ್ಥೆಗಳ ಮೇಲೆ. ಒಂದು ಮನೆತನ ತಲೆಮಾರುಗಳಿಂದ ನಡೆಸಿಕೊಂಡು ಬಂದ ಕಾರ್ಖಾನೆ, ಮುನ್ನೂರೋ ಐನೂರೋ ಕೆಲಸಗಾರರು, ಪ್ಯಾಕಿಂಗ್ ಯಂತ್ರಕ್ಕೋ ಪಂಪಿಗೋ ಬೇಕಾದ ಒಂದೇ ಒಂದು ಬಿಡಿಭಾಗವನ್ನು ಲೋಕದ ಬೇರಾರಿಗಿಂತ ಚೆನ್ನಾಗಿ ಮಾಡುವ ಹೆಮ್ಮೆ. ಇಂಥವು ಬರ್ಲಿನ್, ಮ್ಯೂನಿಕ್‌ಗಳಲ್ಲಿ ಅಲ್ಲ, ಶ್ವಾಬಿಯಾದ, ಸೌವರ್‌ಲಾಂಡಿನ ಸಣ್ಣ ಊರುಗಳಲ್ಲಿವೆ. ಅಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಅಂದರೆ ಕಂಪ್ಯೂಟರಿನ ಮುಂದೆ ಕೂತು ಚಿತ್ರ ಬಿಡಿಸಿ ಕಳಿಸುವವನಷ್ಟೇ ಅಲ್ಲ. ಆ ಚಿತ್ರ ಹಿಡಿದು ಕೆಳಗಿಳಿದು ಲೇತಿನ ಮುಂದೆ ಮೂವತ್ತು ವರ್ಷ ನಿಂತವನ ಬಳಿ, ಈ ಅಳತೆ ಯಾಕೆ ಕೂರುತ್ತಿಲ್ಲ ಎಂದು ಕೇಳುವವನು. ಲೇತಿನವನಿಗೆ ಇಂಗ್ಲಿಷ್ ಬರಬೇಕಾಗಿಲ್ಲ, ಬಾರದಿರುವುದು ಅವನ ತಪ್ಪೂ ಅಲ್ಲ. ಓದುತ್ತಲೇ ವಾರಕ್ಕೆ ಇಪ್ಪತ್ತು ಗಂಟೆ ತಮ್ಮದೇ ವಿಷಯದಲ್ಲಿ ದುಡಿಯುವ ವಿದ್ಯಾರ್ಥಿ ನೌಕರಿಯ ಪದ್ಧತಿ ಅಲ್ಲಿದೆ, ಕಂಪನಿಯಲ್ಲೇ ಕೂತು ಸ್ನಾತಕೋತ್ತರ ಪ್ರಬಂಧ ಬರೆಯುವ ಪದ್ಧತಿಯೂ ಇದೆ. ಓದು ಮುಗಿದ ಮೇಲಿನ ಕೆಲಸಕ್ಕೆ ನಿಜವಾದ ದಾರಿ ಇವೇ. ಅವುಗಳ ಜಾಹೀರಾತು ತೆರೆದು ನೋಡಿದರೆ ಕೊನೆಯ ಸಾಲಿನಲ್ಲಿ ಮತ್ತೆ ಮತ್ತೆ ಕಾಣುವುದು ಒಳ್ಳೆಯ ಜರ್ಮನ್ ಬರಬೇಕು ಎಂಬ ಷರತ್ತು. ಬಾರದವನಿಗೆ ಉಳಿಯುವುದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವುದು, ಸೈಕಲ್ಲಿನ ಮೇಲೆ ಊಟ ಹಂಚುವುದು. ಅದು ಮರ್ಯಾದೆಯ ದುಡಿಮೆಯೇ. ಅದರ ಸಂಬಳದಿಂದ ಬಾಡಿಗೆಯೂ ತೀರುತ್ತದೆ. ಎಂಜಿನಿಯರನ ಅನುಭವ ಪತ್ರದಲ್ಲಿ ಮಾತ್ರ ಅದು ಒಂದು ಸಾಲನ್ನೂ ತುಂಬುವುದಿಲ್ಲ.

ಜರ್ಮನಿಯ ಕಾನೂನು ಈ ಭಾಷೆಗೆ ತಿಂಗಳುಗಳಲ್ಲಿ ಬೆಲೆ ಕಟ್ಟಿದೆ. ಭಾಷೆಯ ಮಟ್ಟವನ್ನು ಯುರೋಪಿನಲ್ಲಿ ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲಾಗಿ ಅಳೆಯುತ್ತಾರೆ. ಬ್ಲೂ ಕಾರ್ಡ್ ಎಂಬ ಉನ್ನತ ಉದ್ಯೋಗಿಗಳ ಪರವಾನಗಿ ಹಿಡಿದವನಿಗೆ ಕಾಯಂ ವಾಸದ ಹಕ್ಕು ಮೊದಲ ಮೆಟ್ಟಿಲಾದ ಎ-1 ಮಾತ್ರ ಇದ್ದರೆ 27 ತಿಂಗಳ ನಂತರ, ಮೂರನೆಯದಾದ ಬಿ-1 ಇದ್ದರೆ 21 ತಿಂಗಳ ನಂತರ. ಜರ್ಮನಿಯಲ್ಲೇ ಪದವಿ ಪಡೆದು ಸಾಧಾರಣ ನೌಕರಿ ಹಿಡಿದವನಿಗೆ ಎರಡೇ ವರ್ಷದಲ್ಲಿ ಆ ಹಕ್ಕು ಸಿಗುತ್ತದೆ, ಬಿ-1 ಇದ್ದರೆ ಮಾತ್ರ. ಐದು ವರ್ಷದ ನಂತರ ಪೌರತ್ವ ಕೇಳುವವನಿಗೂ ಅದೇ ಬಿ-1. ಅಂದರೆ ಇಂದೋ ನಾಳೆಯೋ ಈ ಮೆಟ್ಟಿಲು ಹತ್ತಲೇಬೇಕು. ಸಾಲದ ಕಂತು, ಪ್ರಬಂಧ, ಕೆಲಸದ ಹುಡುಕಾಟ ಒಟ್ಟಿಗೆ ತಲೆಯ ಮೇಲಿರುವಾಗ ಹತ್ತುವುದೋ, ಅದಕ್ಕೂ ಮೊದಲೋ ಎಂಬುದಷ್ಟೇ ನಮ್ಮ ಕೈಯಲ್ಲಿರುವ ಆಯ್ಕೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತಿದೆ. ಬರ್ಲಿನ್ನಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಡೀ ದಿನ ಇಂಗ್ಲಿಷೇ ನಡೆಯುತ್ತದೆ, ಅಲ್ಲಿ ಜರ್ಮನ್ ಒಂದಕ್ಷರ ಬಾರದೆ ಹತ್ತು ವರ್ಷ ಕಳೆದವರಿದ್ದಾರೆ ಎಂಬುದು. ಇದ್ದಾರೆ, ಒಪ್ಪೋಣ. ಆದರೆ ಯೋಚಿಸಿ: ಇಂಗ್ಲಿಷ್ ಮಾತ್ರ ಸಾಕಾಗುವ ಕೆಲಸಕ್ಕೆ ಅರ್ಜಿ ಹಾಕುವವರು ಯಾರು? ಸಾವೊ ಪಾಲೊದಿಂದ, ಇಸ್ತಾಂಬುಲ್‌ನಿಂದ, ಲಾಹೋರಿನಿಂದ, ನಮ್ಮ ವೈಟ್‌ಫೀಲ್ಡಿನಿಂದ ಎಲ್ಲರೂ. ಭಾಷೆಯ ಬೇಲಿ ಇಲ್ಲದ ಕೆಲಸಕ್ಕೆ ಪೈಪೋಟಿಗೂ ಬೇಲಿ ಇಲ್ಲ. ಜರ್ಮನ್ ಪದವಿ ಪಡೆದೂ ಈ ಸಾಲಿನಲ್ಲೇ ನಿಲ್ಲುವವನು, ಆ ದೇಶದಲ್ಲಿ ಎರಡು ವರ್ಷ ಇದ್ದದ್ದರಿಂದ ದಕ್ಕಬಹುದಾಗಿದ್ದ ಒಂದೇ ಅನುಕೂಲವನ್ನು ಕೈಬಿಟ್ಟಂತೆ. ಆರ್ಥಿಕತೆ ಕುಸಿದು ಕಂಪನಿಗಳು ಆಳು ಕಡಿಮೆ ಮಾಡತೊಡಗಿದಾಗ ಬೇರೆ ಉದ್ಯಮಕ್ಕೆ ಹಾರುವ ಅವಕಾಶವೂ ಅವನಿಗಿಲ್ಲ. ಇನ್ನು ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್ ಓದಿದವರಿಗೆ ಬರ್ಲಿನ್ನಿನ ಉದಾಹರಣೆ ಎಳ್ಳಷ್ಟೂ ಅನ್ವಯಿಸುವುದಿಲ್ಲ.

ಎರಡನೆಯ ಆಕ್ಷೇಪ ನಮ್ಮ ಮನೆಬಾಗಿಲಿನದು. ಕನ್ನಡ ಬಾರದೆ ಲಕ್ಷಾಂತರ ಜನ ಬೆಂಗಳೂರಿನಲ್ಲಿ ನೌಕರಿ ಮಾಡಿ ಮನೆ ಕಟ್ಟಿಕೊಂಡಿಲ್ಲವೇ, ನಾವು ಸ್ಟುಟ್‌ಗಾರ್ಟಿನಲ್ಲಿ ಹಾಗೇ ಇರಲಾಗದೇ ಎಂದು ಕೇಳುವವರಿದ್ದಾರೆ. ಬೆಂಗಳೂರಿನಲ್ಲಿ ಅದು ಸಾಧ್ಯವಾದದ್ದು ಬ್ಯಾಂಕು, ಆಸ್ಪತ್ರೆ, ನ್ಯಾಯಾಲಯ, ಅರ್ಧಕ್ಕರ್ಧ ಸರಕಾರಿ ಕಚೇರಿಗಳು ಇಂಗ್ಲಿಷಿಗೆ ಬಗ್ಗುವುದರಿಂದ. ಅದಕ್ಕೂ ಹೆಚ್ಚಾಗಿ, ತರಕಾರಿ ಮಾರುವವರು ಆಟೋ ಓಡಿಸುವವರು ಮೂರು ನಾಲ್ಕು ಭಾಷೆಗಳಲ್ಲಿ ಎದುರಿನವನ ದಾರಿಗೆ ಬರುವುದರಿಂದ. ಆ ಔದಾರ್ಯ ಎಲ್ಲ ಊರಿನಲ್ಲೂ ಸಿಗುವ ಸರಕಲ್ಲ. ಬಂದವರು ಕನ್ನಡ ಕಲಿಯಲಿ ಎಂದು ಇಲ್ಲಿ ಪಟ್ಟು ಹಿಡಿಯುವ ನಾವು ಅಲ್ಲಿಗೆ ಹೋಗಿ ಇಂಗ್ಲಿಷ್ ಸಾಕು ಎಂದರೆ ನಮ್ಮ ಪಟ್ಟಿಗೆ ಬೆಲೆ ಎಲ್ಲಿಂದ ಬರಬೇಕು?

ಸಮಯ ಎಲ್ಲಿದೆ ಎಂಬುದು ಮೂರನೆಯ ಆಕ್ಷೇಪ, ಇವುಗಳಲ್ಲೆಲ್ಲ ತೂಕವುಳ್ಳದ್ದು ಇದೇ. ಬಿ-1 ಮುಟ್ಟಲು ಸೊನ್ನೆಯಿಂದ ಶುರುಮಾಡಿದವರಿಗೆ, ಹಿನ್ನೆಲೆಗೆ ತಕ್ಕಂತೆ, 45 ನಿಮಿಷದ 350ರಿಂದ 650 ಪಾಠಗಳು ಬೇಕೆಂದು ಕಲಿಸುವವರ ಅಂದಾಜು. ಸ್ನಾತಕೋತ್ತರ ಓದಿನ ನಡುವೆ ಇದನ್ನು ತುರುಕಲಾಗದು, ಒಪ್ಪುತ್ತೇನೆ. ನನ್ನ ವಾದವೂ ಅದೇ. ಮೊದಲ ಸೆಮಿಸ್ಟರಿನಲ್ಲಿ ಸಂಜೆಯ ತರಗತಿಗೆ ಸೇರಿ, ಎರಡನೆಯದರಲ್ಲಿ ಪರೀಕ್ಷೆಯ ಒತ್ತಡಕ್ಕೆ ಬಿಟ್ಟು, ಎ-2ರಲ್ಲೇ ನಿಂತುಬಿಡುವುದು ಮೊದಲೇ ಊಹಿಸಬಹುದಾದ ಕತೆ. ಹೊರಡುವ ಮುನ್ನ ನಮಗೆ ಸಿಗುವ ಸಮಯ ದೊಡ್ಡದು. ಎಪಿಎಸ್‌ಗೆ ಕಾಯುವುದು, ವಿಶ್ವವಿದ್ಯಾಲಯದ ಉತ್ತರಕ್ಕೆ ಕಾಯುವುದು, ವೀಸಾ ಸಂದರ್ಶನಕ್ಕೆ ಕಾಯುವುದು, ಎಲ್ಲ ಸೇರಿ ಸುಮಾರು ಒಂದು ವರ್ಷ ಕಾಯುವುದರಲ್ಲೇ ಹೋಗುತ್ತದೆ. ಆ ಕಾಲವನ್ನು ನಮ್ಮ ಹುಡುಗರು ದಿನಕ್ಕೆ ಹತ್ತು ಸಲ ಇಮೇಲ್ ತೆರೆದು ನೋಡುವುದರಲ್ಲಿ ಕಳೆಯುತ್ತಾರೆ.

ಕಲಿಕೆ ಕಷ್ಟವೇ? ಕಷ್ಟ, ಆದರೆ ಕನ್ನಡಿಗನಿಗೆ ಇಂಗ್ಲಿಷ್ ಮಾತ್ರ ಬಲ್ಲವನಿಗಿಂತ ಕಡಿಮೆ ಕಷ್ಟ ಎಂದು ಧೈರ್ಯವಾಗಿ ಹೇಳಬಹುದು. ಜರ್ಮನ್‌ಗೆ ನಾಲ್ಕು ವಿಭಕ್ತಿ. ಶಾಲೆಯಲ್ಲಿ ಉ, ಅನ್ನು, ಇಂದ, ಗೆ ಎಂದು ಬಾಯಿಪಾಠ ಮಾಡಿದವರಿಗೆ ವಿಭಕ್ತಿಯೆಂಬ ಕಲ್ಪನೆಯೇ ಹೊಸದಲ್ಲ. ಅಧೀನ ವಾಕ್ಯಗಳಲ್ಲಿ ಕ್ರಿಯಾಪದವನ್ನು ಕೊನೆಗೆ ತಳ್ಳುವ ಜರ್ಮನ್ ಕ್ರಮ ಇಂಗ್ಲಿಷಿನವರನ್ನು ಕಂಗೆಡಿಸುತ್ತದೆ. ನಾವು ಮಾತು ಕಲಿತ ದಿನದಿಂದ ಕ್ರಿಯಾಪದಕ್ಕಾಗಿ ವಾಕ್ಯದ ತುದಿಯವರೆಗೆ ಕಾದವರು. ಉದ್ದುದ್ದ ಸಮಾಸಗಳನ್ನು ಕಂಡೂ ನಮಗೆ ಹೆದರಿಕೆ ಇಲ್ಲ. ತೊಡಕಿರುವುದು ಲಿಂಗದಲ್ಲಿ. ಕನ್ನಡದಲ್ಲಿ ವಸ್ತುವೆಲ್ಲ ನಪುಂಸಕವೆಂದು ನೆಮ್ಮದಿಯಾಗಿರುವ ನಮಗೆ ಅಲ್ಲಿ ಊಟದ ಮೇಜಿನ ಮೇಲೇ ಪರೀಕ್ಷೆ: ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ಇದಕ್ಕೆ ತರ್ಕ ಹುಡುಕಬಾರದು, ಬಾಯಿಪಾಠ ಮಾಡಬೇಕು. ಬಾಯಿಪಾಠದಲ್ಲಿ ನಮ್ಮ ಮಕ್ಕಳನ್ನು ಸೋಲಿಸುವವರು ಯಾರು?

ಹಿಂದೆ ಜರ್ಮನಿಗೆ ಓದಲು ಹೋದವರಿಗೆ ಭಾಷೆಯ ಈ ಗೊಂದಲವೇ ಇರಲಿಲ್ಲ, ಏಕೆಂದರೆ ಅವರ ಮುಂದೆ ಇಂಗ್ಲಿಷಿನ ಆಮಿಷವಿರಲಿಲ್ಲ. ಕಾಗೋಡು ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದವರೆಂದೂ ನಮ್ಮ ಸಮಾಜವಾದಿಗಳ, ಸಾಹಿತಿಗಳ ಒಂದು ಪೀಳಿಗೆಯನ್ನೇ ರೂಪಿಸಿದವರೆಂದೂ ಕರ್ನಾಟಕ ನೆನೆಯುವ ರಾಮಮನೋಹರ ಲೋಹಿಯಾ ಡಾಕ್ಟರೇಟ್ ಪಡೆದದ್ದು ಬರ್ಲಿನ್ ವಿಶ್ವವಿದ್ಯಾಲಯದಿಂದ, 1930ರ ದಶಕದ ಆರಂಭದಲ್ಲಿ. ಮೊದಲ ಭೇಟಿಯಲ್ಲಿ ಪ್ರೊಫೆಸರರು ತಮಗೆ ಇಂಗ್ಲಿಷ್ ಬರುವುದಿಲ್ಲವೆಂದರಂತೆ. ಮೂರು ತಿಂಗಳು ಬಿಟ್ಟು ಬರುತ್ತೇನೆಂದು ಹೋದ ಲೋಹಿಯಾ ಜರ್ಮನ್ ಕಲಿತುಕೊಂಡೇ ಮರಳಿದರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಕತೆಗೆ ಸ್ವಲ್ಪ ಬಣ್ಣ ಸೇರಿದ್ದರೂ ಸೇರಿರಲಿ. ಇಂಗ್ಲಿಷಿನ ಯಜಮಾನಿಕೆಯ ವಿರುದ್ಧ ಮುಂದೆ ಜೀವಮಾನವಿಡೀ ಹೋರಾಡಿದ ಮನುಷ್ಯ ತನ್ನ ಅತ್ಯುಚ್ಚ ಪದವಿಯನ್ನು ಪಡೆದದ್ದು ಇಂಗ್ಲಿಷಿನ ಹಂಗಿಲ್ಲದ ಒಂದು ವಿಶ್ವವಿದ್ಯಾಲಯದಲ್ಲಿ ಎಂಬುದಂತೂ ನಿಜ. ಇದರ ವಿರುದ್ಧ ದಿಕ್ಕಿನ ಪಯಣಕ್ಕೂ ನಮ್ಮಲ್ಲಿ ಸಾಕ್ಷಿಯಿದೆ: 1853ರಲ್ಲಿ ಜರ್ಮನಿಯಿಂದ ಇಲ್ಲಿಗೆ ಬಂದ ಪಾದ್ರಿ ಕಿಟೆಲ್ ಕನ್ನಡವನ್ನು ಕೆಲಸ ಶುರುಮಾಡಿದ ಮೇಲೆ ನೋಡಿಕೊಳ್ಳೋಣ ಎಂದಿದ್ದರೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬರುತ್ತಿರಲಿಲ್ಲ.

ಓದಿ ಹಿಂದಿರುಗುವವರಿಗೂ ಇದು ಬೇಕೇ? ಇಲ್ಲಿ ನನ್ನ ವಾದದ ಬಿಗಿ ಸಡಿಲವಾಗುತ್ತದೆ. ಎರಡು ವರ್ಷ ಓದಿ ನೇರ ಬೆಂಗಳೂರಿಗೆ ಮರಳುವ ಖಚಿತ ತೀರ್ಮಾನವಿದ್ದವರಿಗೆ, ಅಥವಾ ಪ್ರಯೋಗಾಲಯದೊಳಗೇ ಇದ್ದು ಲೇಖನಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುವ ಪಿಎಚ್‌.ಡಿ. ವಿದ್ಯಾರ್ಥಿಗೆ, ಬಿ-1 ಅನಿವಾರ್ಯವಲ್ಲ. ಆದರೂ ಜರ್ಮನ್ ಉದ್ಯಮ ಬೆಂಗಳೂರಿಗೆ ಹೊಸದಲ್ಲ. ಈಗ ಬಾಷ್ ಎಂಬ ಹೆಸರಿರುವ ಆಡುಗೋಡಿಯ ಮೈಕೋ 1950ರ ದಶಕದಿಂದ ಇದೆ; ಮರ್ಸಿಡಿಸ್-ಬೆಂಜ್ ತನ್ನ ಸಂಶೋಧನಾ ಕೇಂದ್ರವನ್ನು 1996ರಲ್ಲಿ ಇಲ್ಲಿ ತೆರೆಯಿತು, ಎಸ್‌ಎಪಿ 1998ರಲ್ಲಿ. ಇಂಥ ಕಡೆ ದಿನದ ಕೆಲಸ ಇಂಗ್ಲಿಷಿನಲ್ಲೇ ಸಾಗುತ್ತದೆ, ಆದರೆ ಆಚೆ ತುದಿಯಲ್ಲಿ ಕೂತವರ ಮನಸ್ಸಿನಲ್ಲಿ ಏನಿದೆ ಎಂದು ಅವರ ಮಾತಿನಲ್ಲೇ ಅರಿಯಬಲ್ಲವನ ಬೆಲೆ ಬೇರೆ. ಹಿಂದಿರುಗುವೆನೆಂದು ಹೊರಟವರಲ್ಲಿ ಎಷ್ಟು ಜನ ಹಿಂದಿರುಗುತ್ತಾರೆ ಎಂಬ ಪ್ರಶ್ನೆಯನ್ನು ಅವರವರ ತಂದೆತಾಯಿಗಳಿಗೆ ಬಿಡುತ್ತೇನೆ.

ತಪ್ಪೆಲ್ಲ ವಿದ್ಯಾರ್ಥಿಗಳದೆಂದು ಹೇಳಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಇಂಗ್ಲಿಷಿನಲ್ಲಿ ಕರೆದು, ಇಂಗ್ಲಿಷಿನಲ್ಲಿ ಓದಿಸಿ, ಕೆಲಸದ ಬಾಗಿಲಲ್ಲಿ ಜರ್ಮನ್ ಎಲ್ಲಿ ಎಂದು ಕೇಳುವ ದೇಶವೂ ಪ್ರಾಮಾಣಿಕವಾಗಿ ನಡೆದುಕೊಂಡಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಇಂಗ್ಲಿಷ್ ಕೋರ್ಸುಗಳಿಗೂ ಎ-1, ಎ-2ರ ಷರತ್ತು ಹಾಕುತ್ತಿವೆ. ನಮ್ಮವರು ಅಂಥ ಕೋರ್ಸನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆ, ನನ್ನ ದೃಷ್ಟಿಯಲ್ಲಿ ಅಂಥದ್ದನ್ನೇ ಮೊದಲಿಗೆ ಬರೆದುಕೊಳ್ಳಬೇಕು. ಇನ್ನೊಂದು ಎಚ್ಚರಿಕೆ ಕನ್ಸಲ್ಟೆನ್ಸಿಗಳ ಕುರಿತು. ವಿದ್ಯಾರ್ಥಿಯಿಂದ ಬಿಡಿಗಾಸೂ ಪಡೆಯುವುದಿಲ್ಲ ಎನ್ನುವ ಕನ್ಸಲ್ಟೆನ್ಸಿಗೆ ಬೇರೆ ಯಾರೋ ಕೊಡುತ್ತಿರಬೇಕಲ್ಲ? ಸರಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕಮಿಷನ್ ಕೊಡುವುದಿಲ್ಲ, ಖಾಸಗಿಯವು ಕೊಡುತ್ತವೆ. ಜರ್ಮನಿಯಲ್ಲಿ ಓದು ಉಚಿತ ಎಂದು ಶುರುವಾದ ಮಾತು ವರ್ಷಕ್ಕೆ ಹತ್ತು ಲಕ್ಷ ದಾಟುವ ಖಾಸಗಿ ಕಾಲೇಜಿನ ಅರ್ಜಿಯಲ್ಲಿ ಮುಗಿದರೆ, ಮತ್ತು ಜರ್ಮನ್ ಬೇಕೇ ಎಂಬ ಪ್ರಶ್ನೆಗೆ ಬೇಕಾಗಿಯೇ ಇಲ್ಲ ಎಂಬ ಉತ್ತರ ಬಂದರೆ, ಎದ್ದು ಹೊರಬರುವುದು ಒಳ್ಳೆಯದು.

ಕೊನೆಗೆ ನಮ್ಮ ಕಾಲೇಜುಗಳು. ಬೆಂಗಳೂರಿನ ಹುಡುಗಿಗೆ ಇಂದಿರಾನಗರದಲ್ಲಿ ಮ್ಯಾಕ್ಸ್ ಮ್ಯುಲ್ಲರ್ ಭವನವಿದೆ, ದುಡ್ಡಿದ್ದರೆ ಸೇರಬಹುದು. ಬಳ್ಳಾರಿಯ ಹುಡುಗಿಗೆ? ಆನ್‌ಲೈನ್ ತರಗತಿಗಳಿವೆ ನಿಜ, ಆದರೆ ಭಾಷೆಗೆ ಎದುರಿಗೊಬ್ಬರು ಕೂತು ತಿದ್ದಬೇಕು. ಎಂಜಿನಿಯರಿಂಗ್ ಎಂಟು ಸೆಮಿಸ್ಟರಿನ ಓದು. ಅದರಲ್ಲಿ ನಾಲ್ಕು ಸೆಮಿಸ್ಟರುಗಳಲ್ಲಿ ವಾರಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವಾರ ಐಚ್ಛಿಕವಾಗಿ ಜರ್ಮನ್ ಕಲಿಸಿದರೆ ಒಟ್ಟು 240 ಗಂಟೆ, ಅಂದರೆ 45 ನಿಮಿಷದ 320 ಪಾಠ. ಅಷ್ಟಕ್ಕೆ ಎ-2 ದಾಟಬಹುದು. ಬಿ-1ಕ್ಕೆ ಉಳಿದದ್ದು ಕೊನೆಯ ವರ್ಷದ ರಜೆ ಮತ್ತು ವೀಸಾ ಕಾಯುವ ತಿಂಗಳುಗಳಲ್ಲಿ ಆಗುವಷ್ಟೇ. ಇದಕ್ಕೆ ಬೇಕಾದದ್ದು ಒಂದು ಕೊಠಡಿ, ಒಂದು ಕರಿಹಲಗೆ, ಸುತ್ತಲಿನ ಮೂರು ನಾಲ್ಕು ಕಾಲೇಜುಗಳಿಗೆ ಸೇರಿ ಒಬ್ಬ ಶಿಕ್ಷಕ. ಪ್ಲೇಸ್‌ಮೆಂಟ್ ತರಬೇತಿಯೆಂದು ಹೊರಗಿನ ಸಂಸ್ಥೆಗಳಿಗೆ ಕಾಲೇಜುಗಳು ಈಗ ಕೊಡುತ್ತಿರುವ ಹಣದಲ್ಲಿ ಒಂದು ಪಾಲು ಆ ಶಿಕ್ಷಕನ ಸಂಬಳಕ್ಕೆ ಸಾಕು. ತೀರ್ಮಾನ ಆಗಬೇಕಾದದ್ದು ಕಾಲೇಜಿನ ಆಡಳಿತ ಮಂಡಳಿಯ ಸಭೆಯಲ್ಲಿ. ಅದಕ್ಕೆ ಬರ್ಲಿನ್ನಿನ ಅನುಮತಿಯೂ ಬೇಕಿಲ್ಲ, ದೆಹಲಿಯದೂ ಬೇಕಿಲ್ಲ.